ಮೇಕಿಂಗ್ ವಿಡಿಯೋದಲ್ಲಿ ಇಲ್ಲದವಳು

ದಟ್ಟಗಳ್ಳಿಯ ಎಡಿಟಿಂಗ್ ರೂಮಿನ ಬಾಗಿಲನ್ನು ರೋಸ್ಲಿನ್ ತಟ್ಟಲಿಲ್ಲ, ತಳ್ಳಿದಳು.

"ಏನ್ರೀ ದಿಲೀಪ್, ಅಷ್ಟು ದಿನ ನನ್ನ ಮೂಗಿನ ಮುಂದೆ ಕ್ಯಾಮೆರಾ ಹಿಡ್ಕೊಂಡು ಕೂತಿದ್ರಲ್ಲ, ಅದರೊಳಗೆ ಕಾರ್ಡ್ ಇತ್ತಾ ಇಲ್ವಾ?"

ದಿಲೀಪ ಹೆಡ್‌ಫೋನ್ ಕಳಚಿ ಎದ್ದುನಿಂತ. ಸಿನಿಮಾ ತಯಾರಾದ ಬಗೆಯನ್ನು ತೋರಿಸುವ ಮೇಕಿಂಗ್ ವಿಡಿಯೋ ಮಾಡಿದವನು ಅವನು. ಆ ಸಿನಿಮಾದ ನಾಯಕಿಯ ಮದುವೆ ಸೀರೆಗೆ ಜರಿ ಕಸೂತಿ ಹಾಕಿದವಳು ರೋಸ್ಲಿನ್.

ವಿಡಿಯೋ ನಿನ್ನೆ ಯೂಟ್ಯೂಬಿಗೆ ಬಂದಿತ್ತು. ಅವಳ ತಾಯಿ ಲೂರ್ದುಮೇರಿ, ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿದ ನೆಂಟರನ್ನೆಲ್ಲ ವಿಜಯನಗರದ ಮನೆಗೆ ಕರೆತಂದು ಟಿವಿ ಮುಂದೆ ಕೂರಿಸಿದ್ದರು. ಟಿವಿಯಲ್ಲಿ ಡಿಸೈನರ್ ಮೇಡಂ ಸೀರೆ ಸವರುತ್ತಾ, "ಇದೆಲ್ಲ ನನ್ನ ಕೈಕೆಲಸ" ಎಂದರು. ರೋಸ್ಲಿನ್ ಎಲ್ಲೂ ಇರಲಿಲ್ಲ.

"ಅಮ್ಮ ಕೊನೇವರೆಗೂ 'ಈಗ ಬರ್ತಾಳೆ ನೋಡಿ' ಅಂತಲೇ ಇದ್ರು. ಇದನ್ನ ನೋಡಿ ನನಗೆ ಕೆಲಸ ಕೊಡ್ತೀವಿ ಅಂದಿದ್ದ ಮುಂದಿನ ಸಿನಿಮಾದವ್ರು ಇವತ್ತು ಮೇಡಂಗೆ ಫೋನ್ ಮಾಡಿದಾರೆ. ಮೇಡಂ ಎಷ್ಟು ಕೊಟ್ರು ನಿಮಗೆ, ನನ್ನ ತೆಗೆಯೋಕೆ?"

"ಅವರು ಹೇಳಲಿಲ್ಲ. ನಾನೇ ತೆಗೆದೆ."

"ನಾನೇ ಅನ್ನೋಕೆ ಬಾಯಿ ಬೇರೆ ಬರುತ್ತೆ!"

ಅವನು ಕತ್ತರಿಸಿಟ್ಟ ದೃಶ್ಯಗಳನ್ನು ತೆರೆದ. ಮೇಟಗಳ್ಳಿಯ ಗೋದಾಮಿನ ಸೆಟ್ಟು. ರೋಸ್ಲಿನ್ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಅವಳ ಹಿಂದೆ ಹೀರೋ ಬಂದ, ಡೈಲಾಗ್ ಹೊಡೆದ, ಹೋದ. ಕ್ಯಾಮೆರಾ ಅಲುಗಲಿಲ್ಲ. ಆಮೇಲೆ ದಿಲೀಪನದೇ ಮೆಲುದನಿ: "ಲಿಂಗರಾಜು, ಆ ಲೈಟ್ ಸ್ವಲ್ಪ ಈ ಕಡೆ ತಿರುಗ್ಸಪ್ಪ. ಅವರಿಗೆ ಸೂಜಿ ಕಣ್ಣು ಕಾಣ್ತಿಲ್ಲ."

ಅಂದು ಆ ಬೆಳಕು ತಾನಾಗೇ ಬಿತ್ತೆಂದುಕೊಂಡಿದ್ದಳು ಅವಳು.

"ಡೈರೆಕ್ಟರ್ ನೋಡಿ, 'ಇದು ಸಿನಿಮಾ ಮೇಕಿಂಗಾ, ರೋಸ್ಲಿನ್ ಮೇಕಿಂಗಾ' ಅಂತ ನಕ್ಕರು. ಎಲ್ಲರಿಗೂ ಗೊತ್ತಾಗುತ್ತೆ ಅಂತ ಹೆದರಿ ಪೂರ್ತಿ ತೆಗೆದ್ಬುಟ್ಟೆ."

"ಏನು ಗೊತ್ತಾಗುತ್ತೆ?"

ದಿಲೀಪನ ಕಿವಿ ಕೆಂಪಾಯಿತು. "ನಿಮ್ಮನ್ನ ಇಷ್ಟಪಡ್ತೀನಿ ಅಂತ."

ರೋಸ್ಲಿನ್ ಎದೆ ಝಲ್ಲೆಂದಿತು. ಕೋಪ ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

"ನಿಮ್ಮ ಇಷ್ಟ ಮುಚ್ಚಿಡೋಕೆ ನನ್ನ ಕೆಲಸ ಮುಚ್ಚಿದ್ರಾ? ನನ್ನ ಒಂದು ಮಾತು ಕೇಳ್ಬೇಕು ಅನಿಸ್ಲಿಲ್ವಾ?"

"ತಪ್ಪಾಯ್ತು ಕಣ್ರೀ."

"ಆಯ್ತಲ್ಲ, ಕೂತ್ಕೊಳ್ಳಿ. ವಾಪಸ್ ಹಾಕಿ, ನನ್ನ ಹೆಸರು ಸಮೇತ. ಇವತ್ತೇ ಹೊಸದಾಗಿ ಅಪ್‌ಲೋಡ್ ಆಗ್ಬೇಕು."

"ಹಾಕ್ತೀನಿ. ಡೈರೆಕ್ಟರ್‌ಗೂ ನಾನೇ ಹೇಳ್ತೀನಿ. ಆದ್ರೆ ನೋಡಿದವರಿಗೆಲ್ಲ..."

ರೋಸ್ಲಿನ್ ಇನ್ನೊಂದು ಕುರ್ಚಿಯನ್ನು ಎಳೆದು ಅವನ ಪಕ್ಕಕ್ಕೇ ಹಾಕಿಕೊಂಡಳು.

"ನನ್ನ ಕೆಲಸ ಏನಂತ ಮೊದಲು ಗೊತ್ತಾಗ್ಲಿ. ನಿಮ್ಮ ಕಣ್ಣು ಎಲ್ಲಿತ್ತು ಅಂತ ಆಮೇಲೆ ಗೊತ್ತಾದ್ರೆ ಆಗ್ಲಿ. ನನಗೇನೂ ನಾಚಿಕೆ ಇಲ್ಲ."

ದಿಲೀಪ ತಿರುಗಿ ಅವಳನ್ನೇ ನೋಡಿದ.

"ನನ್ನ ಯಾಕ್ರೀ ನೋಡ್ತೀರಿ? ಪರದೆ ನೋಡಿ," ಎಂದು ಗದರಿ, ಅವನ ಕೈಯನ್ನು ಹಿಡಿದು ಮೌಸ್ ಮೇಲಿಟ್ಟಳು. ಅಲ್ಲೇ ಇತ್ತು ಅವಳ ಕೈ, ಮೊದಲ ದೃಶ್ಯ ಮುಗಿಯುವವರೆಗೂ.