ಸಾಣೆ ತಡೆಯದ ಚಾಕು

"ಹೊಸ ಚಾಕು ತಗೊಳ್ಳಿ. ಇದಿನ್ನು ಸಾಣೆ ತಡೆಯಲ್ಲ" ಎಂದು ಅವನು ಹೇಳಿದ್ದಷ್ಟೇ. 'ಇನ್ನು ನನ್ನ ಹತ್ತಿರ ಬರಬೇಡಿ' ಎಂದು ಅವಳು ಅರ್ಥ ಮಾಡಿಕೊಂಡಳು.

ಆಮೇಲೆ ಎರಡು ಸಂತೆ ಅವನ ಕಡೆ ತಲೆ ಎತ್ತಲಿಲ್ಲ. ಬೆಟ್ಟದ ಬೆನ್ನಿನ ಮೇಲೆ ವಾರಕ್ಕೊಮ್ಮೆ ಸೇರುವ ಪುಟ್ಟ ಸಂತೆ ಅದು. ಈ ತುದಿಯಲ್ಲಿ ಸೀನಿದರೆ ಆ ತುದಿಯವರು "ನೆಗಡಿಯಾ?" ಅನ್ನುತ್ತಾರೆ. ಅಂಥಲ್ಲಿ ಒಬ್ಬರನ್ನು ನೋಡದೆ ಇರುವುದಕ್ಕೆ ಎಷ್ಟು ಕಷ್ಟಪಡಬೇಕು!

ಅವಳದು ಕುಂಬಳಕಾಯಿ ವ್ಯಾಪಾರ. ಇಡೀ ಕಾಯಿ ಒಯ್ಯುವವರು ಕಡಿಮೆ, ಎಲ್ಲರಿಗೂ ಹೋಳೇ ಬೇಕು. ಅವನು ಪೆಡಲ್ ತುಳಿದು ಸಾಣೆಕಲ್ಲು ತಿರುಗಿಸುವವನು. ಮೂರು ವರ್ಷದಿಂದ ಪ್ರತಿ ಸಂತೆಗೂ ಅವಳ ಚಾಕು ಮೊಂಡಾಗುತ್ತಿತ್ತು, ಅವನು ಹರಿತ ಮಾಡಿಕೊಡುತ್ತಿದ್ದ. ಸವೆದೂ ಸವೆದೂ ಅಲಗು ಹುಲ್ಲಿನ ಎಸಳಿನಂತಾಗಿತ್ತು.

ಮೂರನೆಯ ವಾರ ಪಕ್ಕದಲ್ಲಿ ಜೇನು ಮಾರುವ ದೊಡ್ಡಮ್ಮ ಕೇಳಿಯೇಬಿಟ್ಟಳು: "ಏನೇ, ಮಾತು ಬಿಟ್ಟಿದ್ದೀರಾ?"

"ಯಾರ ಜೊತೆ?"

"ಅಯ್ಯೋ ನನ್ ತಾಯಿ, ನನ್ನ ಜೇನುಹುಳದ ಜೊತೆ! ಹೋಗಿ ಮಾತಾಡು. ಇವತ್ತೇ ಅವನ ಕೊನೇ ಸಂತೆಯಂತೆ."

ಕೈಯಲ್ಲಿದ್ದ ಕಾಯಿಯನ್ನು ಅಲ್ಲೇ ಇಟ್ಟು, ಚಾಕು ಹಿಡಿದು ಹೋದಳು. ಅವನು ಚಕ್ರ ನಿಲ್ಲಿಸಿದ.

"ಹೋಗ್ತಿದ್ದೀರಂತೆ."

"ಬೆಟ್ಟದ ಆಚೆ, ಅಕ್ಕನ ಮನೆಗೆ. ಭಾವ ಹೋಗಿಬಿಟ್ರಲ್ಲ. ಎರಡು ಪುಟ್ಟ ಮಕ್ಕಳು, ಮೂವತ್ತು ಕುರಿ, ಅವಳೊಬ್ಳೇ."

"ಅದಕ್ಕೇನಾ ಹೊಸ ಚಾಕು ತಗೊಳ್ಳಿ ಅಂದಿದ್ದು?"

"ಇನ್ನೇನ್ ಹೇಳ್ಲಿ? ಬೇರೆ ಯಾರಾದ್ರೂ ಇದಕ್ಕೆ ಕಲ್ಲು ಮುಟ್ಟಿಸಿದ್ರೆ ಮುರಿದೇ ಹೋಗತ್ತೆ."

ಅವನು ಚಾಕು ತೆಗೆದುಕೊಂಡು ಬೆಳಕಿಗೆ ಹಿಡಿದ. ಅಲಗಿನಂಚಿನ ಮೇಲಿಂದ ಓರೆಗಣ್ಣಲ್ಲಿ ಅವಳನ್ನು ನೋಡಿದ.

"ಒಂದು ಕೇಳ್ಲಾ? ಕುಂಬಳಕಾಯಿ ಹೆಚ್ಚಿದ್ರೆ ಹೀಗೆ ಮೊಂಡಾಗಲ್ಲ. ಬೇಕಂತ್ಲೇ ಮನೆ ಮೆಟ್ಟಿಲಿಗೆ ಉಜ್ತೀರೋ, ಬಾವಿಕಟ್ಟೆಗೋ?"

ಅವಳ ಕಿವಿ ಕೆಂಪಾದವು. "ಮೆಟ್ಟಿಲಿಗೆ... ಯಾವಾಗಿಂದ ಗೊತ್ತು?"

"ಎರಡನೇ ವಾರದಿಂದ."

"ಮೂರು ವರ್ಷ ಬಾಯಿ ಬಿಡ್ಲಿಲ್ವಲ್ರೀ!"

"ಬಿಟ್ಟಿದ್ರೆ ನೀವು ಬರ್ತಾನೇ ಇರ್ಲಿಲ್ಲ. ಒಂದು ವರ್ಷದಿಂದ ನಾನು ಚಕ್ರ ಬರೀ ತಿರುಗಿಸ್ತಿದ್ದೆ. ಇದನ್ನ ಮುಟ್ಟಿಸ್ತಿರ್ಲಿಲ್ಲ. ನುಣುಪು ಕಲ್ಲಲ್ಲಿ ಕೈಯಿಂದಲೇ ಮೆತ್ತಗೆ ತೀಡಿ ಕೊಡ್ತಿದ್ದೆ. ಸವೆದು ಮುಗಿದ್ರೆ ಆಮೇಲೆ ನಂಗೆ ಏನು ನೆಪ?"

ಅವಳಿಗೆ ನಗು ಬಂತು. ನಗು ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ತುಂಬಿತು.

"ಒಂದು ಮಾತು ಕೇಳೋಣ ಅಂತ ಎರಡು ಸಂತೆ ಕಾದೆ," ಎಂದ ಅವನು. "ನೀವು ತಿರುಗಿ ನೋಡ್ಲಿಲ್ಲ."

"ಈಗ ಕೇಳಿ."

"ನಿಮ್ಮಪ್ಪ?"

ಹಾಸಿಗೆ ಹಿಡಿದ ಅಪ್ಪನಿಗೆ ಮಗ್ಗುಲು ಬದಲಿಸಲೂ ಅವಳ ಕೈಯೇ ಬೇಕು. ಬೆಟ್ಟದಾಚೆಯ ಆ ಕಡಿದಾದ ದಾರಿಯಲ್ಲಿ ಹೊತ್ತು ಒಯ್ಯುವ ಹಾಗೂ ಇಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು.

"ಆದ್ರೂ ಕೇಳಿ," ಎಂದಳು. "ಒಂದ್ಸಲ ಕೇಳಿಸ್ಕೊಬೇಕು."

"ನನ್ ಜೊತೆ ಬರ್ತೀರಾ?"

"ಬರೋಕಾಗಲ್ಲ. ಆಸೆ ಇಲ್ದೆ ಅಲ್ಲ."

ಅವನು ಎಷ್ಟೋ ಹೊತ್ತು ಚಾಕುವಿನ ಹಿಡಿಯನ್ನೇ ಬಟ್ಟೆಯಿಂದ ಒರೆಸುತ್ತಿದ್ದ. "ಕೊನೇ ಸಲ ತೀಡಿ ಕೊಡ್ಲಾ?"

"ಬೇಡ. ಹೀಗೇ ಇರ್ಲಿ." ಕೈ ಚಾಚಿ ಇಸಿದುಕೊಂಡಳು. ಅವನ ಬೆರಳು ಹಿಡಿಯನ್ನು ಬಿಡಲು ಕೊಂಚ ತಡಮಾಡಿದವು.

ಮುಂದಿನ ಸಂತೆಗೆ ಅವನ ಜಾಗದಲ್ಲಿ ಯಾರೋ ಬುಟ್ಟಿಗಳನ್ನು ಹರಡಿದ್ದರು. ಅರ್ಧ ಕಾಯಿ ಕೇಳಿದ ಗಿರಾಕಿಗೆ ಕಾದು ಕಾದು ಸಾಕಾಯಿತು.

"ಏನಮ್ಮಾ, ಎಂಥ ಮೊಂಡು ಚಾಕು! ಸಾಣೆ ಹಿಡಿಸ್ಬಾರ್ದಾ?"

ಜೇನಿನ ದೊಡ್ಡಮ್ಮ ಮುಖ ಆಚೆ ತಿರುಗಿಸಿಕೊಂಡಳು.

"ಹಿಡಿಸ್ಬೇಕು," ಎಂದಳು ಅವಳು, ಎರಡೂ ಕೈಯಿಂದ ಒತ್ತುತ್ತಾ, ಮುರಿಯದ ಹಾಗೆ, ನಿಧಾನವಾಗಿ.