ಹುಲಿಕೋಣೆಯ ಮೊಳೆ

ಸೊಣ್ಣಮ್ಮ ಸ್ಟೋರ್ ರೂಮಿನ ಹೊಸ್ತಿಲು ಒರೆಸುತ್ತಿದ್ದಳು. ಕಲ್ಲಿಗೆ ಹೊಡೆದಿದ್ದ ದಪ್ಪ ಮೊಳೆಗೆ ಹೆಣ್ಣಿನ ಕೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. ಅದಕ್ಕೆ ಅರಿಶಿನ ಹಚ್ಚಿ, ಎದ್ದು, ಕಂಬಿ ಬಾಗಿಲು ಬಡಿದು ಕೂಗಿದಳು: "ಒಳಗ್ಯಾರವ್ರೆ?" ಸ್ವಲ್ಪ ಕಾದಳು. ಆಮೇಲೇ ಬಾಗಿಲೆಳೆದು ಬೀಗ ಹಾಕಿದಳು.

ಹೊಸ ಮ್ಯಾನೇಜರ್ ಪ್ರಸನ್ನ ನಕ್ಕ. "ಏನಮ್ಮ, ಅಕ್ಕಿ ಮೂಟೆಗೂ ಅಟೆಂಡೆನ್ಸಾ?"

ಪಟ್ಟಂದೂರು ಅಗ್ರಹಾರದ ಅಂಚಿನ ಆ ಕಟ್ಟಡ ಹಿಂದೆ ಒಬ್ಬ ಬಿಳಿ ದೊರೆಯ ಮೃಗಾಲಯವಾಗಿತ್ತು. ಈಗ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನು. ಹುಲಿಯಿದ್ದ ಕಿಟಕಿಯಿಲ್ಲದ ಕಲ್ಲುಕೋಣೆಯೇ ಸ್ಟೋರ್ ರೂಮು.

"ನಗ್ಬೇಡಿ ಸಾರ್. ನಮ್ ಮುತ್ತಜ್ಜಿ ಒಳಗೆ ಗುಡಿಸ್ತಿದ್ಲು. ಮೇಸ್ತ್ರಿ ಕೂಗ್ದೆ ಬಾಗ್ಲಾಕಿ ಹುಲಿ ಬಿಟ್ಬುಟ್ಟ. ಅವಳ ತಾಯಿ, ಉಳಿದಿದ್ ಕೂದ್ಲಲ್ಲೇ ಮಾಟ ಮಾಡಿ ಈ ಮೊಳೆ ಹೊಡುದ್ಲು. ದೊರೆ ಹುಲೀನ ಗುಂಡಾಕಿ ಕೊಂದ. ಆದ್ರೂ ಆಮೇಲೆ ಮೇಸ್ತ್ರೀನ ತಿಂದಿದ್ದು ಅದೇ ಹುಲಿ. ಅವತ್ತಿಂದ ಕೂಗ್ದೆ ಬಾಗ್ಲಾಕಂಗಿಲ್ಲ, ಮೊಳೆ ಮುಟ್ಟಂಗಿಲ್ಲ."

"ಸತ್ತ ಹುಲಿನಾ? ಸಕ್ಕತ್ತಾಗಿದೆ ಕಣಮ್ಮ ಕತೆ! ಇಲ್ಲಿ ಟ್ರಾಲಿ ಚಕ್ರ ಸಿಕ್ಕಾಕೊಳ್ತಿದೆ."

ಅವನು ಸುತ್ತಿಗೆಯ ಕೊಂಡಿ ಹಾಕಿ ಮೊಳೆ ಮೀಟಿದ. ಮೊಳೆ ಚಿಮ್ಮಿ ಅಂಗೈ ಸೀಳಿತು. ಒಣಗಿದ್ದ ಕೂದಲು ಕೈಗೆ ತಾಗಿದಾಗ ಬೆಚ್ಚಗಿತ್ತು, ಒದ್ದೆಯಾಗಿತ್ತು. ರಕ್ತ ಹೊಸ್ತಿಲಿನ ತೂತಿಗೆ ಇಳಿಯಿತು. ತುಂಬಿ ಹೊರಬರಲೇ ಇಲ್ಲ.

"ಇನ್ಮೇಲೆ ಇಲ್ಲಿ ಯಾರೂ ಕೂಗೋ ಹಾಗಿಲ್ಲ." ಅವನು ಸ್ಟೋರಿನ ಹುಡುಗನತ್ತ ತಿರುಗಿದ. "ಲೋಕೇಶ್, ನಿಂಗೂ ಹೇಳ್ತಿದೀನಿ. ನೀನು ಮನೆಗೆ ನಡಿಯಮ್ಮ."

ಸೊಣ್ಣಮ್ಮ ಪೊರಕೆ ಕೆಳಗಿಟ್ಟು ಹೊರಟುಹೋದಳು.

ಮರುದಿನ ಶನಿವಾರ, ಕಂಪನಿಗೆ ರಜೆ. ಮಧ್ಯಾಹ್ನ ಪ್ರಸನ್ನ ಕೋಣೆಯೊಳಗೆ ಮೂಟೆಗಳ ಹಿಂದೆ ಬಗ್ಗಿ, ಹೊಸ ರ‍್ಯಾಕಿಗೆ ಗೋಡೆ ಅಳೆಯುತ್ತಿದ್ದ. ಫೋನು ಆಫೀಸಿನಲ್ಲಿ ಚಾರ್ಜಿಗಿತ್ತು. ಸ್ಟೋರಿನ ಲೋಕೇಶನ ಚಪ್ಪಲಿ ಸದ್ದು ಬಂತು, ಬಾಗಿಲಲ್ಲಿ ಒಂದು ಕ್ಷಣ ನಿಂತಿತು. ಅವನು ಬಡಿಯಲಿಲ್ಲ. ಕೂಗಲಿಲ್ಲ. ಕಂಬಿ ಜಾರಿತು. ಬೀಗ ಬಿತ್ತು.

"ಲೋಕೇಶ್! ನಾನಿದ್ದೀನಿ ಕಣೋ!"

ಹೊರಗೆ ಬೈಕು ಶುರುವಾಯಿತು. ದೂರವಾಯಿತು. ಕರೆಂಟು ಹೋಯಿತು.

ಮೂಟೆಗಳ ಹಿಂದಿನ ಕತ್ತಲಲ್ಲಿ ಮೊದಲು ವಾಸನೆ ಬಂತು. ಒದ್ದೆ ತುಪ್ಪಟ, ಹಳೆಯ ಮೂತ್ರ, ಹಳಸಿದ ರಕ್ತ. ಹಿಂದೆ ಮೂಟೆಯೊಂದು ಪರ್ರನೆ ಹರಿಯಿತು. ಅಕ್ಕಿ ಸುರಿಯುವ ಸದ್ದಿನೊಳಗೆ ಯಾವುದೋ ಉಸಿರು. ಗಾಯದ ಕೈಯನ್ನು ಏನೋ ನೆಕ್ಕಿತು. ಉಪ್ಪುಕಾಗದದಂಥ ನಾಲಿಗೆ. ಬ್ಯಾಂಡೇಜು ಕಿತ್ತುಬಂತು. ಚರ್ಮ ಕಿತ್ತುಬಂತು. ಅವನು ಕಿರುಚಿದ. ಮೊಣಕೈ ಲಟಕ್ಕೆಂದಿತು. ತೊಡೆಗೆ ಹಲ್ಲಿಳಿಯಿತು. ಎಳೆಯಿತು. ಬಿಟ್ಟಿತು. ಮತ್ತೆ ಎಳೆಯಿತು.

ಉಳಿದ ಒಂದು ಕೈಯಲ್ಲಿ ತೆವಳಿ ಅವನು ಕಂಬಿ ಹಿಡಿದ. ಆಚೆ ಕ್ಯಾಂಟೀನಿನಲ್ಲಿ ಮೇಜಿನ ಮೇಲೆ ಕುರ್ಚಿಗಳು ಬೋರಲಾಗಿದ್ದವು. ಪೊರಕೆ ಅವಳು ಇಟ್ಟಲ್ಲೇ ಇತ್ತು. ಬೆನ್ನ ಹಿಂದೆ ಅದು ಕಾಯುತ್ತಿತ್ತು.

"ಸೊಣ್ಣಮ್ಮ... ಒಳಗ್ಯಾರಿದ್ದಾರೆ ಅಂತ ಒಂದ್ಸಲ ಕೂಗಮ್ಮ."