ಎಂಬತ್ತೆಂಟನೆಯ ಪತ್ರ

ಯತಿರಾಜರ ಹೆಸರು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಮುನ್ನೂರ ಹನ್ನೆರಡು ಪುಟಗಳನ್ನೂ ಅವರು ಎರಡು ಸಲ ತಿರುವಿ ನೋಡಿದರು. ಕೊನೆಯ ಪುಟದ ಕೃತಜ್ಞತೆಯಲ್ಲಿ ಏಸಿ ರಿಪೇರಿ ಮಾಡಿದ ಕಂಪನಿಯ ಹೆಸರಿತ್ತು. ಅದರ ಮುಂದೆ ‘ಮತ್ತು ಕಚೇರಿ ಸಿಬ್ಬಂದಿ’ ಎಂದಿತ್ತು. ಸಿಬ್ಬಂದಿ ಎಂದು ಆ ಕಚೇರಿಯಲ್ಲಿ ಇದ್ದವರು ಅವರೊಬ್ಬರೇ.

ಪುಸ್ತಕವು ಕಮಾಂಡರ್ ಆಲ್ಡ್ರಿಜ್ ಎಂಬ ಇಂಗ್ಲಿಷ್ ನೌಕಾಧಿಕಾರಿಯ ಪತ್ರಗಳದ್ದು. ನೆಪೋಲಿಯನ್ನನ ಕಾಲದಲ್ಲಿ ಈ ಕೊಲ್ಲಿಯ ನೀರಿನಲ್ಲಿ ಹಡಗು ನಡೆಸುತ್ತ ಆತ ತನ್ನ ತಂಗಿಗೆ ಬರೆದ ನೂರ ಮೂವತ್ತೊಂಬತ್ತು ಕಾಗದಗಳು ದೋಹಾದ ಅಲ್ ಮುಂತಜಾದಲ್ಲಿ, ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ, ಮೇಡಂ ಸಾಲಿಹಾ ಅವರ ಖಾಸಗಿ ಸಂಗ್ರಹದಲ್ಲಿದ್ದವು. ಮೈಸೂರಿನ ಯತಿರಾಜರು ರಾಸ್ ಲಫಾನ್‌ನ ಅನಿಲ ಸ್ಥಾವರದಲ್ಲಿ ಹತ್ತೊಂಬತ್ತು ವರ್ಷ ನಕ್ಷೆಗಳಿಗೆ ನಂಬರು ಹಾಕಿದವರು. ಕಳೆದ ಆರು ವರ್ಷ ಈ ಕಾಗದಗಳ ಪ್ರತಿ ಅಕ್ಷರವನ್ನೂ ಓದಿ ಟೈಪು ಮಾಡಿದವರೂ ಅವರೇ. ಮುಖಪುಟದ ಮೇಲಿದ್ದ ಹೆಸರು ಡಿಲನ್‌ನದು. ಮಂಗಳೂರಿನ ಆ ಯುವಕ ಕ್ಯುರೇಟರನಾಗಿ ಬಂದು ಹದಿನಾಲ್ಕು ತಿಂಗಳಾಗಿತ್ತು.

“ಬೇಜಾರು ಮಾಡ್ಬೇಡಿ ಸಾರ್, ಜಾಗ ಇರ್ಲಿಲ್ಲ,” ಎಂದ ಡಿಲನ್.

“ಏಸಿ ಕಂಪನಿಗೆ ಇತ್ತಲ್ಲಪ್ಪ.”

“ಅವರು ಡಿಸ್ಕೌಂಟ್ ಕೊಟ್ಟಿದ್ರು ಮಾರಾಯ್ರೆ. ಈಗ ಖಲಾಸ್, ಪ್ರಿಂಟ್ ಆಗಿ ಹೋಯ್ತಲ್ಲ. ಸೆಕೆಂಡ್ ಎಡಿಷನ್ ಬರುವಾಗ ನೋಡುವ. ಹೊಸ ಪತ್ರ ಏನಾದ್ರೂ ಸಿಕ್ಕಿದ್ರೆ ಹುಡುಕಿದವರ ಹೆಸರು ಹಾಕ್ಲೇಬೇಕು, ಅದು ರೂಲು.”

ಯತಿರಾಜರಿಗೆ ಅರವತ್ತು ತುಂಬಲು ನಾಲ್ಕು ತಿಂಗಳಿತ್ತು. ಆಮೇಲೆ ವೀಸಾ ರದ್ದು, ಮೈಸೂರಿಗೆ ಒಂದು ಕಡೆಯ ಟಿಕೆಟ್ಟು. ಇಪ್ಪತ್ತೈದು ವರ್ಷ ಈ ಮರಳಿನಲ್ಲಿದ್ದುದಕ್ಕೆ ಅಚ್ಚಿನಲ್ಲಿ ಒಂದು ಸಾಲಿನ ಸಾಕ್ಷಿಯೂ ಉಳಿಯುವುದಿಲ್ಲ. ಇದನ್ನು ಅವರು ಅನ್ಯಾಯವೆಂದು ಕರೆಯಲಿಲ್ಲ, ದಾಖಲೆಯ ದೋಷವೆಂದು ಕರೆದರು. ದೋಷವನ್ನು ತಿದ್ದುವುದು ಅವರ ವೃತ್ತಿ.

ಸಮುದ್ರದಲ್ಲಿ ಕಾಗದ ಕಳೆದುಹೋದರೆ ತಂಗಿಗೆ ತಿಳಿಯಲೆಂದು ಆಲ್ಡ್ರಿಜ್ ಪ್ರತಿ ಪತ್ರಕ್ಕೂ ಸಂಖ್ಯೆ ಹಾಕುತ್ತಿದ್ದ. ಎಂಬತ್ತೇಳರ ನಂತರ ಎಂಬತ್ತೊಂಬತ್ತು ಇತ್ತು. ನಡುವಿನದು ಟಪಾಲು ಒಯ್ಯುವ ಹಡಗಿನೊಡನೆ ಮುಳುಗಿತೆಂದು ಎಲ್ಲರೂ ನಂಬಿದ್ದರು. ಅದನ್ನು ಮೇಲೆತ್ತಲು ಯತಿರಾಜರು ತೀರ್ಮಾನಿಸಿದರು.

ಆಲ್ಡ್ರಿಜ್‌ನ ಹಡಗಿನ ಉಗ್ರಾಣದ ಪುಸ್ತಕವೂ ಸಂಗ್ರಹದಲ್ಲಿತ್ತು. ಅದರ ಕೊನೆಯಲ್ಲಿ ಹನ್ನೊಂದು ಖಾಲಿ ಹಾಳೆಗಳಿದ್ದವು. ಒಂದನ್ನು ಕತ್ತರಿಸಿ ತೆಗೆದು, ಪಟ್ಟಿಯಲ್ಲಿ ಹತ್ತು ಎಂದು ತಿದ್ದಿದರು. ಮೊದಲು ಎಣಿಸಿದವರೂ ಅವರೇ ಆಗಿದ್ದರಿಂದ ಯಾರನ್ನೂ ಕೇಳಬೇಕಾಗಿರಲಿಲ್ಲ. ಶಾಯಿಗೆ ಬೇಕಾದ ಅಳಲೆಕಾಯಿ, ಅನ್ನಭೇದಿಗಳು ಮೈಸೂರಿನ ಗ್ರಂಧಿಗೆ ಅಂಗಡಿಯಿಂದ ಚಟ್ನಿಪುಡಿಯ ಪೊಟ್ಟಣಗಳ ನಡುವೆ ವಿಮಾನವೇರಿ ಬಂದವು. ತಾರೀಖು ೧೮೧೦ರ ಮಾರ್ಚ್ ಹದಿನಾಲ್ಕು. ವಾರ ಯಾವುದೆಂದು ಫೋನು ಹೇಳಿತು. ಅದನ್ನು ನಂಬದೆ ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಬುಧವಾರವೇ.

ವಿಷಯಕ್ಕೆ ಮಾತ್ರ ತಡಕಾಡಬೇಕಾಗಲಿಲ್ಲ. ಲಂಡನ್ನಿಗೆ ಹೋದ ವರದಿಯಲ್ಲಿ ಅಡ್ಮಿರಲ್ ತನ್ನ ಹೆಸರನ್ನು ಬಿಟ್ಟು, ಹಾಯಿ ಹೊಲಿದವನನ್ನು ಹೊಗಳಿದ್ದಾನೆಂದು ಕಮಾಂಡರ್ ತಂಗಿಯ ಮುಂದೆ ದುಃಖ ತೋಡಿಕೊಂಡ. ಬರೆಯುವಾಗ ಯತಿರಾಜರ ಕಣ್ಣು ಎರಡು ಸಲ ತುಂಬಿತು. ಹನಿ ಹಾಳೆಯ ಮೇಲೆ ಬೀಳದಂತೆ ಎರಡು ಸಲವೂ ಮುಖ ತಿರುಗಿಸಿದರು.

“ಏನ್ರೀ ಅದು, ಎರಡು ದಿನದಿಂದ ಬಾಗಿಲು ಹಾಕ್ಕೊಂಡು?” ಎಂದು ಹೆಂಡತಿ ವೇದಾ ಕೇಳಿದರು. ಅದು ಶನಿವಾರ, ಬರೆದ ಹಾಳೆ ಮೇಜಿನ ಮೇಲೆ ಒಣಗುತ್ತಿತ್ತು.

“ಆಫೀಸಿಂದು.”

“ರಿನ್ಯೂವಲ್ ಕಾಗದಾನಾ? ಇನ್ನೆರಡು ವರ್ಷ ಇಟ್ಕೋತಾರಂತಾ?”

“ಹಾಗೇ ಅಂದ್ಕೋ.”

“ಬಾಯ್ಬಿಟ್ಟು ಹೇಳಿದ್ರೆ ಮುತ್ತು ಉದುರತ್ತಾ ನಿಮಗೆ?” ಎಂದು ವೇದಾ ಒಳಗೆ ಹೋದರು. ಅಪರಾಧದಲ್ಲಿ ಪಾಲುದಾರರು ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆಂದು ಯತಿರಾಜರು ಬಲ್ಲರು. ಪಾಲುದಾರರ ಸಂಖ್ಯೆಯನ್ನು ಅವರು ಸೊನ್ನೆಯಲ್ಲಿಯೇ ಇಟ್ಟಿದ್ದರು.

ಭಾನುವಾರ ಬೆಳಿಗ್ಗೆ ಪತ್ರವನ್ನು ಮಡಚಿ ಕಚೇರಿಗೆ ಒಯ್ದರು. ಉಗ್ರಾಣ ಪುಸ್ತಕದ ಚರ್ಮದ ರಟ್ಟಿನ ಒಳಪದರ ಒಂದು ಕಡೆ ಬಿಟ್ಟುಕೊಂಡಿತ್ತು. ಪತ್ರವನ್ನು ಅಲ್ಲಿ ತೂರಿಸಿ, ಮೈದಾ ಅಂಟು ಸವರಿ ಮುಚ್ಚಿದರು. ಹದಿನೇಳು ದಿನ ಕಾದರು. ಆಮೇಲೆ, ರಟ್ಟು ಒಂದು ಕಡೆ ದಪ್ಪವಾಗಿದೆಯಲ್ಲ ಎಂದು ಸಂಶಯಪಟ್ಟರು.

ತಾವು ಮುಟ್ಟಲಿಲ್ಲ. ಮೇಡಂ ಸಾಲಿಹಾ ಅವರನ್ನೂ ಡಿಲನ್‌ನನ್ನೂ ಕರೆಸಿದರು. ಎರಡು ಶತಮಾನಗಳಿಂದ ಈ ಪದರವನ್ನು ಯಾರೂ ಬಿಚ್ಚಿಲ್ಲವೆಂದು ಒಂದು ಫಾರ್ಮು ತಯಾರಿಸಿ, ಸಮಯ ನಮೂದಿಸಿ, ಮೂವರ ಸಹಿ ಹಾಕಿಸಿದರು. ಇದು ಅವರ ಯೋಜನೆಯ ಕಿರೀಟ. ಪತ್ರ ಹೊರಬಂದದ್ದು ಡಿಲನ್‌ನ ಚಿಮಟದಿಂದ.

ಡಿಲನ್ ಓದಿದ. ಸಂಖ್ಯೆ ನೋಡಿದ.

“ಸಾರ್, ಎಂಬತ್ತೆಂಟು. ನಿಮ್ಮ ಹೆಸರು ಈಗ ಕವರಿಗೇ ಹೋಗ್ತದೆ.”

“ನನ್ನದೇನಿದೆಯಪ್ಪ,” ಎಂದರು ಯತಿರಾಜರು. ಈ ವಾಕ್ಯವನ್ನು ಅವರು ಹದಿನೇಳು ದಿನ ಅಭ್ಯಾಸ ಮಾಡಿದ್ದರು. ಮೇಡಂ ಸಾಲಿಹಾ ಎದ್ದು ಬಂದು ಅಭಿನಂದಿಸಿ, ಚಹಾಕ್ಕೆ ಹೇಳಿಕಳಿಸಿದರು.

ಸಂಪ್ರದಾಯದಂತೆ ಡಿಲನ್ ಪರದೆ ಎಳೆದು ನೇರಳೆ ದೀಪ ಹಿಡಿದ. ಹೊಸ ಕಾಗದವಾದರೆ ಅದರಡಿ ಬೆಳ್ಳಗೆ ಹೊಳೆಯುತ್ತದೆ. ಯತಿರಾಜರು ನಿಶ್ಚಿಂತರಾಗಿದ್ದರು, ಶನಿವಾರ ಮಧ್ಯಾಹ್ನ ಅದೇ ಬಗೆಯ ದೀಪದಲ್ಲಿ ಅವರೇ ನೋಡಿದ್ದರು. ಹಾಳೆ ಮಂಕಾಗಿಯೇ ಉಳಿಯಿತು. ನಾಲ್ಕು ಮೂಲೆಗಳು ಮಾತ್ರ, ಬೆರಳ ತುದಿಯಷ್ಟು ಜಾಗದಲ್ಲಿ, ಹಸಿರು ಹಳದಿಯಾಗಿ ಉರಿದವು. ಲಂಡನ್ನಿನ ತಜ್ಞನಾಗಿದ್ದರೆ ಬೂಷ್ಟೆಂದು ಬರೆದುಕೊಂಡು ಮುಂದೆ ಹೋಗುತ್ತಿದ್ದ. ಡಿಲನ್ ಮೂಸಿ ನೋಡಿದ, ಮೇಡಂ ಸಾಲಿಹಾ ಅವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದ: “ನಮ್ಮ ನೆರೆಮನೆಯ ಭಟ್ರು ಮದುವೆ ಕಾಗದ ಕೊಡುವಾಗ ಮೂಲೆಗೆ ಹೀಗೇ ಅರಸಿನ ಹಚ್ಚಿ ಕೊಡ್ತಿದ್ರು ಸಾರ್. ಈ ಕಮಾಂಡರಿಗೆ ಹಚ್ಚಿ ಕೊಟ್ಟದ್ದು ಯಾರು?” ಮೂರು ಸಹಿಗಳ ಫಾರ್ಮು ಮೇಜಿನ ಮೇಲೆಯೇ ಇತ್ತು. ಯತಿರಾಜರು ಭಾನುವಾರದ ಬೆಳಗನ್ನು ಮೊದಲಿನಿಂದ ಕೂಡಿಸಿ ನೋಡಿದರು. ತಾವು ಸ್ನಾನಕ್ಕೆ ಹೋದ ಹನ್ನೆರಡು ನಿಮಿಷ ಲೆಕ್ಕಕ್ಕೆ ಬಂದಿರಲಿಲ್ಲ. ಗಂಡನಿಗೆ ಇನ್ನೆರಡು ವರ್ಷದ ಕೆಲಸ ಕೊಡುವ ಆ ಕಾಗದವನ್ನು ವೇದಾ ಅಷ್ಟರಲ್ಲಿ ದೇವರ ಮುಂದಿಟ್ಟು, ನಾಲ್ಕೂ ಮೂಲೆಗೆ ಅರಿಶಿನ ಮುಟ್ಟಿಸಿ, ಒಳ್ಳೆಯದಾಗಲಿ ಎಂದು ಕೈಮುಗಿದು, ಇದ್ದಲ್ಲಿಯೇ ತಂದಿಟ್ಟಿದ್ದರು.